ನೀಲಿಗಾರನ ಸುಳ್ಳು

“ಅಜ್ಜಾರ, ಯಾಕ, ಹೆಂಗ ಅಂತ ಕೆದಕಿ ಕೇಳೋ ಬುದ್ಧಿ ಒಂದು. ಇದನ್ನೆಲ್ಲಾ ಹುಟ್ಟಿಸಿದಾವ ಒಬ್ಬ ಅದಾನ ಅನ್ನೋ ನಂಬಿಗಿ ಒಂದು. ಎರಡೂ ಒಂದ ತಲಿಯೊಳಗ ಬಾಳೇವು ಮಾಡತಾವೇನ್ರಿ?”

ಕೇಳಿದವನು ಅಡಿವೆಪ್ಪ, ಮಠದ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಅದೇ ಮಠದ ಅನ್ನ ಉಂಡು ಬೆಳೆದವನು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ನಿಂತು ಹಾಡುವವನೂ ಅವನೇ. ಶಾಲೆಯಿಂದ ಮಠಕ್ಕೆ ಒಂದೇ ಉಸಿರಿಗೆ ಓಡಿ ಬಂದಿದ್ದ. ದಾರಿಯಲ್ಲಿ ಒಂದು ಚಪ್ಪಲಿ ಕಿತ್ತುಹೋಗಿತ್ತು, ಅದರ ಪರಿವೆಯೂ ಅವನಿಗಿರಲಿಲ್ಲ.

ಓಡಿ ಬರಲು ಕಾರಣವಿತ್ತು. ಅಂದು ಶಾಲೆಗೆ ಹೊಸ ಸೂಕ್ಷ್ಮದರ್ಶಕ ಬಂದಿತ್ತು. ಅಡಿವೆಪ್ಪ ಕೆರೆಯ ನೀರಿನ ಒಂದು ಹನಿ ಇಟ್ಟು ಕಣ್ಣು ಹಚ್ಚಿದ್ದ. ಹನಿಯೊಳಗೆ ಒಂದು ಊರೇ ಓಡಾಡುತ್ತಿತ್ತು! ಮೀಸೆ ಇದ್ದವು, ಬಾಲ ಇದ್ದವು, ಹೊಟ್ಟೆಯೊಳಗಿನ ಊಟವೂ ಕಾಣುವಷ್ಟು ತೆಳ್ಳಗಿನವು. ಪುಸ್ತಕದಲ್ಲಿ ಓದಿದ್ದ, ಮಕ್ಕಳಿಗೆ ಹೇಳಿಯೂ ಇದ್ದ; ಕಣ್ಣಾರೆ ಕಂಡದ್ದು ಅಂದೇ. ಮಧ್ಯಾಹ್ನದ ಊಟ ಮರೆತು ನೋಡಿದ. ನೋಡುತ್ತ ನೋಡುತ್ತ ಅವನ ಎದೆಯಲ್ಲಿ ಕುಣಿತದ ಜೊತೆಗೇ ಒಂದು ಅಳುಕೂ ಎದ್ದಿತು. ಜೀವಗಳೆಲ್ಲ ಒಂದರಿಂದೊಂದು ತಾವಾಗಿಯೇ ಬಂದವು ಎಂದು ಮರುದಿನ ಅವನು ಹತ್ತನೆಯ ತರಗತಿಗೆ ಪಾಠ ಮಾಡಬೇಕಿತ್ತು. ಅದಕ್ಕೂ ಮೊದಲು, ಎಲ್ಲವೂ ನಿನ್ನಿಂದಲೇ ಬಂತು ತಂದೆ ಎಂದು ಪ್ರಾರ್ಥನೆ ಹಾಡಬೇಕಿತ್ತು. ಒಂದೇ ಬಾಯಿ, ಒಂದೇ ಬೆಳಗು. ಎರಡರಲ್ಲಿ ಒಂದನ್ನು ಬಿಡದೆ ಗತಿಯಿಲ್ಲ ಎಂದು ಅವನಿಗೆ ಅನಿಸಿಬಿಟ್ಟಿತು.

ಅಜ್ಜ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಠದ ಸ್ವಾಮಿಗಳಾದರೂ ಊರಿಗೆಲ್ಲ ಅವರು ಅಜ್ಜನೇ.

“ಒಂದು ಬಿಡಬೇಕಂತ ಯಾರಂದ್ರು?” ಎಂದು ಕೇಳಿದರು.

“ನನ್ನ ಮನಸ ಅಂದೈತ್ರಿ.”

“ಕುಂಡ್ರು,” ಎಂದು ಅಜ್ಜ ಒಂದು ಹಿಡಿ ಶೇಂಗಾ ಅವನ ಕಡೆಗೂ ದೂಡಿದರು. ಆಮೇಲೆ ಕತೆ ಶುರು ಮಾಡಿದರು.

ಹೊಳೆದಂಡೆಯ ಒಂದು ಊರಿನಲ್ಲಿ ಒಬ್ಬ ನೀಲಿಗಾರನಿದ್ದ. ನೂಲಿಗೆ ನೀಲಿ ಬಣ್ಣ ಕಟ್ಟುವುದು ಅವನ ಕುಲದ ಕೆಲಸ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಮಣ್ಣಿನ ಗುಡಾಣ, ಕುತ್ತಿಗೆಯ ತನಕ ನೆಲದಲ್ಲಿ ಹೂತದ್ದು. ಅದರೊಳಗೆ ನೀಲಿ, ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ. ಇವೆಲ್ಲ ಕೂಡಿ ಹುಳಿ ಬಂದು ಹದಕ್ಕೆ ಏರಿದರೆ ‘ಗುಡಾಣ ಎದ್ದಿತು’ ಎನ್ನುತ್ತಿದ್ದರು. ಎದ್ದ ಗುಡಾಣಕ್ಕೆ ಬಿಳಿ ನೂಲಿನ ಲಡಿ ಅದ್ದಿ ತೆಗೆದರೆ ಅದು ನೀಲಿಯಾಗಿರುವುದಿಲ್ಲ, ಗಿಳಿಹಸಿರು. ಗಾಳಿಗೆ ಹಿಡಿದರೆ ಸಾಕು, ನೋಡುತ್ತಿದ್ದಂತೆಯೇ ಹಸಿರು ಓಡಿಹೋಗಿ ನೀಲಿ ಹತ್ತುತ್ತದೆ. ನೀಲಿಗಾರ ಹುಟ್ಟಿದಾಗಿನಿಂದ ಇದನ್ನು ನೋಡಿದವನು. ಆದರೂ ಪ್ರತಿ ಸಲವೂ ಅವನ ಕೈ ನಡುಗುತ್ತಿತ್ತು. ಬಣ್ಣ ಕಟ್ಟುವವರು ನಾವಲ್ಲ, ನಾವು ಅದ್ದಿ ತೆಗೆಯುವವರು ಎನ್ನುತ್ತಿದ್ದ. ಆಕಾಶಕ್ಕೆ ನೀಲಿ ಕಟ್ಟಿದವಳೇ ಗುಡಾಣದಲ್ಲೂ ಕುಳಿತು ಕಟ್ಟುತ್ತಾಳೆ ಎಂಬುದು ಅವನ ಕುಲದ ನಂಬಿಕೆ. ಅವಳನ್ನು ಅವರು ಬಣ್ಣದವ್ವ ಎಂದು ಕರೆಯುತ್ತಿದ್ದರು.

ಒಮ್ಮೊಮ್ಮೆ ಗುಡಾಣ ಕೆಡುತ್ತಿತ್ತು. ಮೇಲಿನ ನೊರೆ ಇಳಿದು, ನೀರು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದ್ದಿದ ನೂಲಿಗೆ ಬಣ್ಣ ಹತ್ತುತ್ತಿರಲಿಲ್ಲ. ‘ಗುಡಾಣ ಮಲಗಿತು, ಅವ್ವ ಎದ್ದು ಹೋದಳು’ ಎಂದು ಮನೆಗೆ ಮನೆಯೇ ಸಪ್ಪೆಯಾಗುತ್ತಿತ್ತು. ಹೀಗೆ ಮಲಗಿದ ಗುಡಾಣಕ್ಕೆ ಆ ಕುಲದವರಿಗೆ ಗೊತ್ತಿದ್ದ ಮದ್ದು ಒಂದೇ. ಸುಳ್ಳು.

ನಗಬೇಡ ಅಡಿವೆಪ್ಪ, ಅವರ ಪಾಲಿಗೆ ಅದು ನಗುವ ಮಾತಲ್ಲ. ನೀಲಿಗಾರ ಊರೊಳಗೆ ಹೋಗಿ ಒಂದು ದೊಡ್ಡ ಸುಳ್ಳನ್ನು ಒಬ್ಬನ ಕಿವಿಗೆ ಹಾಕಬೇಕು. ಊರು ಅದನ್ನು ನಂಬಬೇಕು. ಆ ಸುಳ್ಳು ಓಣಿ ಓಣಿ ಸುತ್ತಿ, ಕೊನೆಗೆ ಯಾರದೋ ಬಾಯಿಂದ ಸುದ್ದಿಯಾಗಿ ಅವನ ಕಿವಿಗೇ ಮರಳಿ ಬೀಳಬೇಕು. ಅಲ್ಲಿಯ ತನಕ ಅವನು ತನ್ನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಸುಳ್ಳು ಮರಳಿತೆಂದರೆ ಅವ್ವನೂ ಗುಡಾಣಕ್ಕೆ ಮರಳಿದಳು ಎಂದು ಲೆಕ್ಕ. ಅವಳಿಗೆ ಆಟ ಬೇಕು, ಊರೆಲ್ಲ ಬೆಪ್ಪಾದದ್ದು ಕಂಡರೆ ನಗುನಗುತ್ತ ಬರುತ್ತಾಳೆ ಎಂದು ಹಿರಿಯರು ಹೇಳಿಟ್ಟಿದ್ದರು.

ಈ ವಿದ್ಯೆಯಲ್ಲಿ ನಮ್ಮ ನೀಲಿಗಾರ ಪಳಗಿದವನು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸುಳ್ಳು ಹೇಳುತ್ತಿದ್ದ. ಮೇಲಿನೂರಿನ ಎಮ್ಮೆ ಎರಡು ಬಾಲದ ಕರು ಹಾಕಿದೆ ಎಂದ; ಊರವರು ಬಂಡಿ ಕಟ್ಟಿಕೊಂಡು ನೋಡಲು ಹೋದರು. ಅಂಬಿಗನಿಗೆ ಮೀನಿನ ಹೊಟ್ಟೆಯಲ್ಲಿ ಮುತ್ತು ಸಿಕ್ಕಿತು ಎಂದ. ಅಂಬಿಗನ ಮನೆಗೆ ನೆಂಟರೋ ನೆಂಟರು. ಇನ್ನು ಮುಂದೆ ಉಪ್ಪು ಸಿಗುವುದಿಲ್ಲವಂತೆ ಎಂದ. ಸಂಜೆಯೊಳಗೆ ಅಂಗಡಿಯ ಉಪ್ಪಿನ ಚೀಲಗಳೆಲ್ಲ ಖಾಲಿ. ಹೆಚ್ಚಿನ ಸಲ ಅವನು ಮನೆಗೆ ಬಂದು ಮುಚ್ಚಳ ತೆಗೆದರೆ ಗುಡಾಣ ಎದ್ದಿರುತ್ತಿತ್ತು. ಅವನು ಗುಡಾಣದ ಮುಂದೆ ಉದ್ದಕ್ಕೆ ಬೀಳುತ್ತಿದ್ದ.

ಆ ಮನೆಗೆ ಒಬ್ಬಳು ಸೊಸೆ ಬಂದಳು. ಅವಳ ಗಂಡ, ಅಂದರೆ ನೀಲಿಗಾರನ ಮಗ, ನೂಲು ಮಾರಲು ಊರೂರು ತಿರುಗುತ್ತಿದ್ದುದರಿಂದ ಮನೆಯಲ್ಲಿ ಇರುತ್ತಿದ್ದವರು ಮಾವ, ಸೊಸೆ ಇಬ್ಬರೇ. ಸೊಸೆ ದಿನಾ ಬೆಳಿಗ್ಗೆ ಮಿಂದು ಗುಡಾಣದ ಕಂಠಕ್ಕೆ ಕುಂಕುಮ ಹಚ್ಚುತ್ತಿದ್ದಳು. ಗುಡಾಣ ಎದ್ದಿರಲಿ, ಮಲಗಿರಲಿ, ಅದು ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ಅವಳಿಗೆ ಒಂದು ಚಟವಿತ್ತು. ಯಾವುದನ್ನೂ ಸುಮ್ಮನೆ ನೋಡಿ ಬಿಡುವವಳಲ್ಲ. ನೋಡಿದ್ದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವಳು. ‘ನನ್ನ ಸೊಸಿಗೆ ಎರಡು ಕಣ್ಣು ಸಾಲದು’ ಎಂದು ಮಾವ ನಗೆಯಾಡುತ್ತಿದ್ದ.

ಆ ವರ್ಷ ಚಳಿ ಜೋರಾಗಿ ಬಿತ್ತು. ಗುಡಾಣ ಮೇಲಿಂದ ಮೇಲೆ ಮಲಗಿತು. ನೀಲಿಗಾರ ಮೇಲಿಂದ ಮೇಲೆ ಸುಳ್ಳು ಹೇಳಿದ. ಎಷ್ಟೆಂದು ನಂಬೀತು ಊರು? ಅವನು ಬಾಯಿ ತೆರೆಯುವ ಮೊದಲೇ ಜನ ಕೇಳತೊಡಗಿದರು, “ಏನೋ ಮಾವಾ, ಗುಡಾಣ ಮಲಗೇತೇನು?” ಕೊನೆಗೆ ಒಂದು ಬೆಳಿಗ್ಗೆ ಗುಡಾಣ ಮಲಗಿತು, ಮತ್ತು ನೀಲಿಗಾರನ ಬಳಿ ಮಾರಾಟವಾಗುವ ಸುಳ್ಳು ಒಂದೂ ಉಳಿದಿರಲಿಲ್ಲ.

ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಅಜ್ಜನ ಅಜ್ಜ ಎಬ್ಬಿಸಿದ ಗುಡಾಣ ಅದು. ಹಳೆಯ ನೀರು ಚೆಲ್ಲದೆ ತಲೆಯಿಂದ ತಲೆಗೆ ಉಳಿಸಿಕೊಂಡು ಬಂದದ್ದು. ತನ್ನ ಕೈಯಲ್ಲಿ ಅದು ಸತ್ತರೆ, ತಾನು ಸತ್ತ ಮೇಲೆ ಹಿರಿಯರಿಗೆ ಯಾವ ಮುಖ ತೋರಿಸುವುದು? ಯೋಚಿಸಿ ಯೋಚಿಸಿ ಅವನಿಗೆ ಒಂದು ಮಾತು ಹೊಳೆಯಿತು. ಊರು ಎಮ್ಮೆಯ ಮಾತು ನಂಬದಿರಬಹುದು, ಮುತ್ತಿನ ಮಾತು ನಂಬದಿರಬಹುದು. ಹೆಣ್ಣಿನ ಮೇಲಿನ ಮಾತನ್ನು ನಂಬದ ಊರು ಯಾವುದಿದೆ? ಎದುರು ಮನೆಯ ನೇಕಾರನಿಗೆ ಮದುವೆ ಗೊತ್ತಾದ ಮಗಳಿದ್ದಳು. ಅವಳು ಯಾರ ಜೊತೆಗೋ ಹೊಳೆ ದಾಟಿದ್ದನ್ನು ಕಂಡೆ ಎಂದರೆ ಸಾಕು.

ಕೆಟ್ಟವನಲ್ಲ ಅವನು. ಅದನ್ನು ಸೊಸೆಗೆ ಗೋಡೆ ನೋಡುತ್ತ ಹೇಳಿದ. “ಗುಡಾಣ ಎದ್ದ ಮ್ಯಾಲೆ ಸುಳ್ಳು ಅಂತ ನಾನ ಹೇಳಿ ಬರತೇನಿ ಬಿಡು,” ಎಂದ.

“ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ, ಮಾವಾರ,” ಎಂದಳು ಸೊಸೆ. “ಒಂದು ದಿನ ನನಗ ಕೊಡ್ರಿ. ಸುಳ್ಳು ಬ್ಯಾಡ, ಏನೂ ಬ್ಯಾಡ. ನೀವು ಸುಳ್ಳು ಹೇಳಾಕ ಹೋದಂಗ ಮನಿ ಬಿಟ್ಟು ಹೋಗ್ರಿ. ನಾಳೆ ಬೆಳಿಗ್ಗೆ ಬರ್ರಿ. ಅಲ್ಲೀತನಕ ಯಾರೂ ಮುಚ್ಚಳಾ ತೆಗೀಬಾರದು. ನಾ ಬಾಗಲಾ ಕಾಯತೇನಿ.”

“ಅದರಿಂದೇನಾದೀತು?”

“ಸುಳ್ಳು ಲಗೂನ ತಿರುಗಿ ಬಂದ ದಿನ ಗುಡಾಣ ಎದ್ದಿಲ್ರಿ. ತಡಾ ಆಗಿ ಬಂದಾಗೆಲ್ಲ ಎದ್ದೈತಿ. ನಾ ನೋಡಕೋತ ಬಂದೇನಿ. ಎಬ್ಬಸೂದು ಸುಳ್ಳೋ, ನೀವು ಹೊರಗಿರೂದೋ?”

ನೀಲಿಗಾರನಿಗೆ ಸಿಟ್ಟು ನೆತ್ತಿಗೇರಿತು. “ಅವ್ವನ್ನ ಪರೀಕ್ಷೆ ಮಾಡತಿಯೇನ?”

“ಅವ್ವನ್ನ ಅಲ್ರಿ,” ಎಂದಳು ಸೊಸೆ. “ನಿಮ್ಮ ಕೈನ.”

ಅವನು ತನ್ನ ಕೈ ನೋಡಿಕೊಂಡ. ಮೊಣಕೈ ತನಕ ನೀಲಿ. ಗುಡಾಣ ಮಲಗಿದ ದಿನ ಅವನು ಮನೆಯಲ್ಲಿದ್ದರೆ ಆ ಕೈ ಸುಮ್ಮನಿರುತ್ತಿರಲಿಲ್ಲ, ಅದು ನಿಜ. ಗಳಿಗೆಗೊಮ್ಮೆ ಮುಚ್ಚಳ ತೆಗೆಯುವುದು, ಕೋಲು ಹಾಕಿ ಕಲಕುವುದು, ಒಂದು ಹಿಡಿ ಸುಣ್ಣ, ಒಂದು ಉಂಡೆ ಬೆಲ್ಲ, ಮತ್ತೆ ಕಲಕುವುದು. ನಿದ್ದೆ ಬಂತೇ ಕೂಸೇ ಎಂದು ಕೂಸನ್ನು ಎಬ್ಬಿಸಿ ಕೇಳಿದಂತೆ. ಆದರೂ ಅವನು ಒಪ್ಪಲಿಲ್ಲ. “ಏಳಲಿಲ್ಲ ಅಂದ್ರ?” ಎಂದ. “ಒಂದು ದಿನ ಸುಮ್ಮನ ಹೋಗಿ ಅವ್ವ ಪೂರಾ ಹೊಂಟು ಹೋದ್ಲು ಅಂದ್ರ?”

ಸೊಸೆ ಹೇಳಿದಳು, “ಏಳಲಿಲ್ಲ ಅಂದ್ರ ಆ ಸುಳ್ಳು ನನ್ನ ಮ್ಯಾಲೆ ಹೇಳ್ರಿ. ಸೊಸಿ ಓಡಿ ಹೋದ್ಲು ಅಂತ ಹೇಳ್ರಿ. ಊರು ನಂಬತೈತಿ. ನಾ ಹೊಳಿ ದಾಟಿ ಹೋಗತೇನಿ, ತಿರುಗಿ ಬರೂದಿಲ್ಲ.”

ನೀಲಿಗಾರನ ಸಿಟ್ಟು ಅಲ್ಲೇ ಇಳಿಯಿತು. ಇವಳ ಮಾತು ಮಾತಿಗೆ ಹೇಳಿದ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಟ.

ಹೊರಟವನು ದೂರ ಹೋಗಲಿಲ್ಲ. ಓಣಿಯ ಕೊನೆಗೆ ಹನುಮಪ್ಪನ ಗುಡಿಯ ಕಟ್ಟೆ ಇತ್ತು. ಅಲ್ಲಿ ಕುಳಿತರೆ ಅವನ ಮನೆಯ ಬಾಗಿಲು ಕಾಣುತ್ತಿತ್ತು. ಕೆಂಡದ ಮೇಲೆ ಕುಳಿತವನಂತೆ ಕುಳಿತ. ಹೋಗುವವರು ಬರುವವರೆಲ್ಲ ನಿಂತು ಕೇಳಿದರು, “ಏನಪಾ ಹೊಸಾ ಸುದ್ದಿ?”

ಅವನಿಗೆ ನಾಲಿಗೆ ತುರಿಸಿತು. ಎದುರು ಮನೆಯ ಹುಡುಗಿ ಕೊಡ ಹೊತ್ತು ಅವನ ಮುಂದೆಯೇ ಹಾದು ಹೋದಳು. ಒಂದು ಮಾತು, ಒಂದೇ ಒಂದು ಮಾತು ಹೇಳಿದರೆ ಗುಡಾಣ ಉಳಿಯುತ್ತದೆ, ಸೊಸೆಯೂ ಉಳಿಯುತ್ತಾಳೆ. ಹುಡುಗಿ ನಿಂತು, “ದೊಡ್ಡಪ್ಪಾ, ಬಿಸಲಾಗ ಯಾಕ ಕುಂತೀರಿ, ನೀರು ಕೊಡಲೇನ್ರಿ?” ಎಂದಳು. ಅವನು ಬೊಗಸೆಯೊಡ್ಡಿ ನೀರು ಕುಡಿದ. ಹುಡುಗಿ ಹೋದ ಮೇಲೆ ಅವನಿಗೆ ಆ ಚಳಿಗಾಲದಲ್ಲೂ ಬೆವರು ಬಂತು.

ಕೊನೆಗೆ ಒಬ್ಬ ಬಂದು ಬಿಡದೆ ಕಾಡಿದ. ನೀಲಿಗಾರ ಬೇಸತ್ತು, “ನನ್ನ ಗುಡಾಣ ಮಲಗೇತಿ ನೋಡಪಾ, ಅದ ಸುದ್ದಿ,” ಎಂದ. ಕೇಳಿದವನು ಹೊಟ್ಟೆ ಹಿಡಿದು ನಕ್ಕ. ಜೀವಮಾನದಲ್ಲಿ ನೀಲಿಗಾರ ಊರಿಗೆ ಹೇಳಿದ ಮೊದಲ ನಿಜ ಅದು. ಒಬ್ಬರೂ ನಂಬಲಿಲ್ಲ.

ಹೊತ್ತು ಏರಿತು, ಹೊತ್ತು ಇಳಿಯಿತು. ತಡೆಯಲಾರದೆ ಅವನು ಒಮ್ಮೆ ಎದ್ದು ಮನೆಗೆ ಹೋದ. ಸೊಸೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ತಗಚೆ ಬೀಜ ಹಸನು ಮಾಡುತ್ತಿದ್ದಳು. “ಬರೇ ಒಮ್ಮೆ ನೋಡತೇನಿ, ಮುಟ್ಟೂದಿಲ್ಲ,” ಎಂದ. ಅವಳು ಏಳಲಿಲ್ಲ. ಬೀಜ ಮೊರದಿಂದ ಹೊರಗೆ ಚೆಲ್ಲುತ್ತಿದ್ದವು. ನನಗಿಂತ ಹೆಚ್ಚಿನ ಕೆಂಡದ ಮೇಲೆ ಇವಳು ಕುಳಿತಿದ್ದಾಳೆ ಎಂದು ಅವನಿಗೆ ತಿಳಿಯಿತು. ತಾಳಿದವನು ಬಾಳಿಯಾನು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕಟ್ಟೆಗೆ ಮರಳಿದ. ಅಲ್ಲೇ ಮುದುಡಿಕೊಂಡು ಮಲಗಿದ.

ಬೆಳಗಾಯಿತು. ಅವನು ನಡೆದು ಬರಲಿಲ್ಲ, ಓಡಿ ಬಂದ. ಸೊಸೆ ಬಾಗಿಲು ಬಿಟ್ಟು ಸರಿದು ನಿಂತಳು. ಅವನ ಕೈ ಮುಚ್ಚಳದ ಮೇಲೆ ಹೋಗಿ ನಿಂತುಬಿಟ್ಟಿತು.

“ನೀನ ತೆಗಿ,” ಎಂದ.

ಅವಳು ತೆಗೆದಳು.

ಮೊದಲು ಬಂದದ್ದು ವಾಸನೆ. ಹುಳಿಯೊಳಗೆ ಸಿಹಿ ಬೆರೆತ, ಅವನಿಗೆ ಕೂಸಾಗಿದ್ದಾಗಿನಿಂದ ಗೊತ್ತಿದ್ದ ವಾಸನೆ. ಬಗ್ಗಿ ನೋಡಿದ. ಮೇಲೆ ನೀಲಿ ನೊರೆ ಹೂ ಬಿಟ್ಟಿತ್ತು, ತಾಮ್ರದ ಬಣ್ಣದ ತೆಳ್ಳನೆಯ ಕೆನೆ ಹರಡಿತ್ತು! ಅವನು ಲಡಿಯೊಂದನ್ನು ಎಳೆದುಕೊಂಡು ಅದ್ದಿದ. ಉಸಿರು ಬಿಗಿಹಿಡಿದು ಕಾದ. ಎತ್ತಿದ. ಗಿಳಿಹಸಿರು! ಲಡಿ ಹಿಡಿದು ಅಂಗಳಕ್ಕೆ ಓಡಿದ. ಸೊಸೆಯೂ ಓಡಿದಳು. ಗಾಳಿ ಬೀಸಿತು. ಹಸಿರು ಅಂಚಿನಿಂದ ಓಡತೊಡಗಿತು, ಒಂದೊಂದು ಎಳೆಗೂ ನೀಲಿ ಏರುತ್ತ ಏರುತ್ತ ಬಂತು. “ಬಂದ್ಲು! ಅವ್ವ ಬಂದ್ಲು! ನೋಡ ಯವ್ವಾ, ಬಂದ್ಲು!” ಎಂದು ಮುದುಕ ಅಂಗಳದ ತುಂಬ ಕುಣಿದ. ಸೊಸೆ ನಗುತ್ತ ಅಳುತ್ತ ಬಾವಿಯ ಕಟ್ಟೆಗೆ ಒರಗಿ ನಿಂತಳು. ಅವಳ ಮನೆ ಅವಳಿಗೆ ಉಳಿದಿತ್ತು.

ಕುಣಿಯುತ್ತಿದ್ದವನು ಥಟ್ಟನೆ ನಿಂತ.

ಅವಳನ್ನು ಕರೆದವರು ಯಾರು? ಸುಳ್ಳು ಹೇಳಿಲ್ಲ. ಊರು ಬೆಪ್ಪಾಗಿಲ್ಲ. ಅವನ ಕೈ ಗುಡಾಣದಿಂದ ಹೊರಗಿತ್ತು, ಅಷ್ಟೇ. ಬೆಚ್ಚಗೆ ಮುಚ್ಚಿಟ್ಟು ಸುಮ್ಮನೆ ಬಿಟ್ಟರೆ ಗುಡಾಣ ತಾನೇ ಏಳುತ್ತದೆ. ಕಲಕಿ ಗಾಳಿ ಸೇರಿಸಿದರೆ ಮಲಗುತ್ತದೆ. ಅದು ಎರಡು ಬಾಲದ ಕರುವಿಗೂ ಎದ್ದದ್ದಲ್ಲ, ಮೀನಿನ ಮುತ್ತಿಗೂ ಎದ್ದದ್ದಲ್ಲ. ಅಪ್ಪ ಹೇಳಿದ ಸುಳ್ಳು, ಅಜ್ಜ ಹೇಳಿದ ಸುಳ್ಳು, ತಾನು ಬಾಳೆಲ್ಲ ಹೇಳಿದ ಸುಳ್ಳು, ಎಲ್ಲ ನೀರಿನಲ್ಲಿ ಹೋಮ. ಅಂಗಳದಲ್ಲಿ ಕುಸಿದು ಕುಳಿತ. ಹಾಗಾದರೆ ತಾನು ಇಷ್ಟು ವರ್ಷ ಉದ್ದಕ್ಕೆ ಬಿದ್ದದ್ದು ಯಾರ ಮುಂದೆ?

ಸೊಸೆ ಅಷ್ಟರಲ್ಲಿ ಮಿಂದು ಬಂದಳು. ಕುಂಕುಮದ ಭರಣಿ ಹಿಡಿದು ಕೋಣೆಗೆ ಹೋದಳು. ನೀಲಿಗಾರ ಬಾಗಿಲಲ್ಲಿ ನಿಂತು ನೋಡಿದ. ದಿನದಂತೆಯೇ ಅವಳು ಗುಡಾಣದ ಕಂಠಕ್ಕೆ ಕುಂಕುಮ ಹಚ್ಚುತ್ತಿದ್ದಳು. ಅವನಿಗೆ ಅರ್ಥವಾಗಲಿಲ್ಲ.

“ಹೆಂಗ ಏಳತೈತಿ ಅಂತ ಹುಡುಕಿ ತೆಗದಾಕಿ ನೀನ,” ಎಂದ. “ಮತ್ತ್ಯಾಕ ಹಚ್ಚತಿ?”

ಸೊಸೆ ತಿರುಗಿ ನೋಡಿದಳು. ಅವಳಿಗೆ ಆ ಪ್ರಶ್ನೆಯೇ ಹೊಸದಾಗಿ ಕಂಡಿತು.

“ಅದು ಏಳಲಿ ಅಂತ ನಾ ಯಾವತ್ತ ಹಚ್ಚೀನ್ರಿ, ಮಾವಾರ?”

ನೀಲಿಗಾರನ ಕೈಯಲ್ಲಿ ಲಡಿ ಇನ್ನೂ ಹಸಿಯಾಗಿತ್ತು. ಅದನ್ನು ನೋಡಿದ. ಒಂದು ಗಳಿಗೆಯ ಹಿಂದೆ ಬಿಳಿ, ಆಮೇಲೆ ಹಸಿರು, ಈಗ ನೀಲಿ. ಹೇಗೆ ಆಗುತ್ತದೆಂದು ಈಗ ಅವನಿಗೆ ತುಸು ಗೊತ್ತಿತ್ತು. ಗೊತ್ತಿದ್ದರೂ ಅವನ ಕೈ ನಡುಗುವುದು ನಿಂತಿರಲಿಲ್ಲ. ಲಡಿಯನ್ನು ಗೂಟಕ್ಕೆ ಹಾಕಿ, ಒಳಗೆ ಬಂದು, ಗುಡಾಣದ ಮುಂದೆ ಕೈಮುಗಿದು ನಿಂತ. ಸೊಸೆ ಅವನಿಗೆ ಜಾಗ ಬಿಟ್ಟಳು.

ಅಜ್ಜ ಕತೆ ನಿಲ್ಲಿಸಿ ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದರು. ಅಡಿವೆಪ್ಪ ಕಟ್ಟೆಯ ತುದಿಗೆ ಸರಿದು ಬಂದಿದ್ದ. ಅವನ ಪಾಲಿನ ಶೇಂಗಾ ಹಾಗೆಯೇ ಉಳಿದಿತ್ತು. ಸೊಸೆ ಗೆದ್ದದ್ದಕ್ಕೆ ಅವನಿಗೆ ತಾನೇ ಗೆದ್ದಷ್ಟು ಖುಷಿ. ಆದರೆ ಕೊನೆಗೆ ಮುದುಕ ಮಾಡಿದ್ದು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

“ಅಲ್ರಿ ಅಜ್ಜಾರ,” ಎಂದ. “ಆಕಿ ಮಾತು ಬ್ಯಾರೆ. ಆದರ ಅವ? ಅವ್ವ ಬರೂದು ಸುಳ್ಳು ಹೇಳಿದ್ದಕ್ಕಲ್ಲ ಅಂತ ಅವಗ ಗೊತ್ತಾತು. ಮುಚ್ಚಿಟ್ಟರ ತಾನ ಏಳತೈತಿ ಅಂತ ಗೊತ್ತಾತು. ಬೇಡಿಕೊಳ್ಳೂ ಕಾರಣಾನ ಉಳೀಲಿಲ್ಲ. ಎಲ್ಲಾ ಗೊತ್ತಾದ ಮ್ಯಾಲೆ ಅವ ಯಾಕ್ರೀ ಕೈ ಮುಗದ?”

ಅಜ್ಜ ಅವನ ಮುಖವನ್ನೇ ನೋಡಿ ಹೇಳಿದರು:

“ಅಲ್ಲೀತನಕ ನೀಲಿ ಆಗಲಿ ಅಂತ ಮುಗೀತಿದ್ದ, ಅವತ್ತ ನೀಲಿ ಆತಲ್ಲಾ ಅಂತ ಮುಗದ.”

ಅಡಿವೆಪ್ಪ ತನ್ನ ಪಾಲಿನ ಶೇಂಗಾ ಹತ್ತಿರ ಎಳೆದುಕೊಂಡು ಸುಲಿಯತೊಡಗಿದ.